ಕಾಜಾ ಬಿದ್ದ ಗಾಡಿ

ಕಾಜಕ್ಕ ಮಂಗಳವಾರ ಮಧ್ಯಾಹ್ನ ತೀರಿಕೊಂಡಳು. ಕುಶನ್ ಅಂಗಡಿಯಲ್ಲಿ, ಹೊಲಿಗೆ ಯಂತ್ರದ ಮುಂದಿನ ಸ್ಟೂಲಿನ ಮೇಲೆ ಕೂತಿದ್ದವಳು ಗೋಡೆಗೆ ಒರಗಿದಳು, ಮತ್ತೆ ನೆಟ್ಟಗಾಗಲಿಲ್ಲ. ಹೃದಯ ಎಂದರು ಡಾಕ್ಟರು. ಅದು ಸೋತಿದೆ ಎಂದು ಅವರು ಹೇಳಿ ಬಹಳ ಕಾಲವಾಗಿತ್ತು. ಅವಳು ಕಿವಿಗೆ ಹಾಕಿಕೊಂಡಿರಲಿಲ್ಲ. ಮುಖ ಒರೆಸುವಾಗ ಅವಳ ಗೆಳತಿ, ಲೈಬ್ರರಿಯವಳು, ಕೆಳತುಟಿಗೆ ಅಂಟಿಕೊಂಡಿದ್ದ ಕೆಂಪು ದಾರದ ತುಂಡೊಂದನ್ನು ಮೆಲ್ಲಗೆ ಬಿಡಿಸಿ ತೆಗೆದಳು. ಎಸೆಯಲು ಮನಸ್ಸು ಬರಲಿಲ್ಲ. ಬೆರಳಿಗೆ ಸುತ್ತಿಕೊಂಡಳು.

ಮನೆಗೆ ಬಂದವರೆಲ್ಲ ಒಳ್ಳೆಯ ಮಾತನ್ನೇ ಆಡಿದರು. ಪಕ್ಕದ ಮನೆಯಾಕೆ ಕಣ್ಣೊರೆಸಿಕೊಳ್ಳುತ್ತ, "ಯಾರ ಮೇಲೂ ದ್ವೇಷ ಇಟ್ಕೊಂಡೋಳಲ್ಲ, ಬಂಗಾರದಂಥ ಮನಸ್ಸು" ಎಂದರು. ಊರುಗೋಲಿಗೆ ಆತುಕೊಂಡು ಬಾಗಿಲಲ್ಲಿ ನಿಂತಿದ್ದ ತಮ್ಮ, ಅತ್ತು ಊದಿದ ಕಣ್ಣಲ್ಲೇ, ತಡೆಯಲಾಗದೆ ನಕ್ಕುಬಿಟ್ಟ.

ಇಟ್ಟುಕೊಂಡಿದ್ದಳು. ಒಂದೇ ಒಂದು ದ್ವೇಷ, ಒಬ್ಬನೇ ಮನುಷ್ಯನ ಮೇಲೆ. ಬೇರೆಯವರು ಗಿಡ ಸಾಕುವ ಹಾಗೆ ಅದನ್ನು ದಿನವೂ ನೋಡಿಕೊಂಡು ಬೆಳೆಸಿದ್ದಳು. ಸತ್ತಳು ಎಂಬ ಕಾರಣಕ್ಕೆ ಅದನ್ನು ಅವಳ ಕೈಯಿಂದ ಕಿತ್ತುಕೊಂಡು, ಬರಿಗೈಯಲ್ಲಿ ಕಳಿಸುವುದು ಅನ್ಯಾಯ.

ಮೊದಲು ಅವಳು ಶರ್ಟು ಹೊಲಿಯುವ ಒಂದು ದೊಡ್ಡ ಅಂಗಡಿಯಲ್ಲಿದ್ದಳು. ಗುಂಡಿ ತೂರಿಸಲು ಬಟ್ಟೆಯಲ್ಲಿ ಒಂದು ಸೀಳು ಬಿಡುತ್ತಾರಲ್ಲ, ಆ ಸೀಳಿನ ಅಂಚು ಬಿಚ್ಚಿಕೊಳ್ಳದ ಹಾಗೆ ಸುತ್ತಲೂ ಹಾಕುವ ಒತ್ತು ಹೊಲಿಗೆಯೇ ಕಾಜಾ. ಕಾಜಾ ಹಾಕಲು ಯಂತ್ರ ಬಂದ ಮೇಲೂ ಕೋಟುಗಳ ಕಾಜಾ ಮಾತ್ರ ಅವಳ ಕೈಗೇ ಬರುತ್ತಿತ್ತು. ಹೆಸರು ಹಿಡಿದು ಕರೆಯುವವರು ಕಡಿಮೆಯಾದರು, ಕಾಜಕ್ಕ ಎನ್ನುವುದೇ ಹೆಸರಾಗಿ ಉಳಿಯಿತು. ಅಂಗಡಿ ಮನೆಯಿಂದ ದೂರ. ಬಸ್ಸಿನಲ್ಲಿ ಒಂದು ಕಾಲಿಡಲು ಜಾಗ ಸಿಕ್ಕರೆ ಅದೇ ಪುಣ್ಯ. ಹಾಗಾಗಿ ಒಂದು ದಿನ ಅವಳು ಗಾಡಿ ಕೊಳ್ಳುತ್ತೇನೆ ಎಂದಾಗ ಯಾರಿಗೂ ಆಶ್ಚರ್ಯವಾಗಲಿಲ್ಲ. ಮೋಟಾರ್ ಸೈಕಲ್ಲೇ ಬೇಕು ಎಂದಾಗ ಆಯಿತು.

"ಸ್ಕೂಟರ್ ತಗೊಳೇ, ಸುಲಭ" ಎಂದಳು ಲೈಬ್ರರಿಯವಳು.

"ಹುಟ್ಟಿದಾಗಿಂದ ಯಾರ್ಯಾರದೋ ಬೆನ್ನ ಹಿಂದೆ ಎರಡೂ ಕಾಲು ಒಂದೇ ಕಡೆ ಇಳಿಬಿಟ್ಕೊಂಡು ಕೂತು ಸಾಕಾಗಿದೆ ಕಣೇ. ಆ ಕಡೆ ಒಂದು, ಈ ಕಡೆ ಒಂದು ಹಾಕಿ ಕೂರ್ಬೇಕು ನಂಗೆ. ಮುಂದೆ."

ಓಡಿಸಲು ಕಲಿಸಿದವನು ತಮ್ಮ. ಅವನು ವಿದ್ಯುತ್ ಇಲಾಖೆಯಲ್ಲಿ ಕಂಬ ಹತ್ತುವವನು. ಹಗ್ಗ ಬೇಡ, ಏಣಿ ಬೇಡ, ಬೆಕ್ಕಿನ ಹಾಗೆ ಸರಸರ ಏರಿ ತುದಿಯಲ್ಲಿ ಕೂತು ಕೆಳಗಿನವರನ್ನು ಗೇಲಿ ಮಾಡುತ್ತಿದ್ದ. ಸ್ನೇಹಿತನ ಗಾಡಿ ತಂದು, ಖಾಲಿ ಮೈದಾನದಲ್ಲಿ ಅಕ್ಕನನ್ನು ಕೂರಿಸಿ, ಪಕ್ಕದಲ್ಲಿ ಓಡುತ್ತ, "ಕ್ಲಚ್ ಬಿಡು ಅಂದ್ರೆ ಸತ್ತೋಗಿರೋ ಕಪ್ಪೆ ಬಿಟ್ಟ ಹಾಗೆ ಬಿಡ್ತೀಯಲ್ಲ ಮಾರಾಯ್ತಿ" ಎಂದು ಕೂಗುತ್ತಿದ್ದ.

ಹೊಸ ಗಾಡಿ ಕೈಗೆಟುಕುವ ಮಾತಲ್ಲ. ಸೆಕೆಂಡ್ ಹ್ಯಾಂಡೇ ಗತಿ. ಸೆಕೆಂಡ್ ಹ್ಯಾಂಡ್ ಎಂದ ಕೂಡಲೇ ಬುದ್ಧಿ ಹೇಳುವವರ ಸಾಲು ಹತ್ತಿತು. ಅಂಗಡಿಯ ಕಟ್ಟಿಂಗ್ ಮಾಸ್ಟರು, "ಸೈಲೆನ್ಸರ್ ಬಾಯಿಗೆ ಬೆರಳು ಹಾಕಿ ನೋಡು, ಎಣ್ಣೆ ಹತ್ತಿದ್ರೆ ಹಿಂದೆ ತಿರುಗಿ ನೋಡ್ದೆ ಬಂದ್ಬಿಡು" ಎಂದರು. ಮನೆಯ ಓನರು, "ಸ್ಟಾರ್ಟ್ ಮಾಡೋಕ್ ಮುಂಚೆ ಇಂಜಿನ್ ಮುಟ್ಟಮ್ಮ. ಬೆಚ್ಚಗಿದ್ರೆ ನೀನು ಬರೋ ಹೊತ್ತಿಗೆ ಅವನು ಒದ್ದಾಡಿ ಸ್ಟಾರ್ಟ್ ಮಾಡಿ ಇಟ್ಟಿದ್ದಾನೆ ಅಂತ ಲೆಕ್ಕ" ಎಂದರು. ತಮ್ಮನದು ಒಂದೇ ಮಾತು: "ಇಷ್ಟ ಆದ್ರೂ ಮುಖದಲ್ಲಿ ತೋರಿಸ್ಬೇಡ ಅಕ್ಕಾ. ಹುಳಿ ತಿಂದೋಳ ಹಾಗೆ ನಿಂತ್ಕೋ." ಅವಳು ಎಲ್ಲವನ್ನೂ ಬಾಯಿಪಾಠ ಮಾಡಿದಳು. ಕಾಜಾ ಹಾಕುತ್ತ ಹಾಕುತ್ತ ಹೇಳಿಕೊಳ್ಳುತ್ತಿದ್ದಳು: ಹೊಗೆ, ಎಣ್ಣೆ, ಚೈನು, ಟಯರು, ಬಿಸಿ.

ದೊಡ್ಡ ರಸ್ತೆಯ ತಿರುವಿನಲ್ಲಿ, ತಗಡಿನ ಮಾಡಿನ ಕೆಳಗೆ, ಹಳೆಯ ಗಾಡಿಗಳ ಅಂಗಡಿಯಿತ್ತು. ಎಲ್ಲ ಗಾಡಿಗಳೂ ಹ್ಯಾಂಡಲ್ಲನ್ನು ಒಂದೇ ಕಡೆ ತಿರುಗಿಸಿಕೊಂಡು ಫೋಟೋಗೆ ನಿಂತವರ ಹಾಗೆ ನಿಂತಿರುತ್ತಿದ್ದವು. ಟಯರಿಗೆ ಕಪ್ಪು ಪಾಲಿಷ್, ಟ್ಯಾಂಕಿಗೆ ಎಣ್ಣೆಬಟ್ಟೆಯ ಹೊಳಪು. ಅಂಗಡಿಯವನು ಇಸ್ತ್ರಿ ಮಾಡಿದ ಬಿಳಿ ಶರ್ಟಿನವನು. ಯಾವ ಗಾಡಿಯ ಮುಂದೆ ನಿಂತರೂ ಅವನ ಬಾಯಲ್ಲಿ ಬರುವುದು ಒಂದೇ: ಇದು ಮನೆ ಗಾಡಿ. ಅಂದರೆ ಬಾಡಿಗೆಗೆ ಓಡಿದ್ದಲ್ಲ, ಸಂಸಾರಸ್ಥರು ಜೋಪಾನವಾಗಿ ಇಟ್ಟುಕೊಂಡಿದ್ದು. ಹಾಗಾಗಿ ಜನ ಅವನನ್ನೇ ಮನೆಗಾಡಿ ಎನ್ನುತ್ತಿದ್ದರು.

"ಇದು ಮನೆ ಗಾಡಿ ಅಕ್ಕ" ಎಂದು ಅವನು ಒಂದು ನೀಲಿ ಗಾಡಿಯ ಬೆನ್ನು ತಟ್ಟಿದ. "ಒಬ್ರು ಮೇಷ್ಟ್ರದು. ಶಾಲೆ, ಮನೆ. ಮನೆ, ಶಾಲೆ. ದಾರೀಲಿ ಕಾಫಿಗೂ ನಿಲ್ಲಿಸ್ತಿರಲಿಲ್ಲ ಪುಣ್ಯಾತ್ಮರು."

ಅವಳು ಹುಳಿ ತಿಂದವಳ ಮುಖ ಮಾಡಿಕೊಂಡು ಇಂಜಿನ್ ಮುಟ್ಟಿದಳು. ತಣ್ಣಗಿತ್ತು. ಸೈಲೆನ್ಸರಿಗೆ ಬೆರಳು ಹಾಕಿದಳು. ಬರೀ ಮಸಿ. ಅಲ್ಲಿಗೆ ಪಾಠ ಮರೆತುಹೋಯಿತು. ಮೊದಲ ಸಲ ಕೊಳ್ಳುವವರ ಪಾಡೇ ಅದು. ಎದುರಿಗಿರುವುದೆಲ್ಲ ಕಬ್ಬಿಣ, ಎಲ್ಲಿ ನೋಡಬೇಕು, ನೋಡಿದ್ದನ್ನು ಏನೆಂದು ತಿಳಿಯಬೇಕು ಒಂದೂ ಗೊತ್ತಾಗದೆ, ಕಣ್ಣು ತನಗೆ ಪರಿಚಯದ್ದನ್ನೇ ಹುಡುಕಿಕೊಂಡು ಹೋಗುತ್ತದೆ. ಅವಳ ಕೈ ಸೀಟಿನ ಅಂಚಿಗೆ ಹೋಯಿತು. ಕಪ್ಪು ರೆಗ್ಜಿನ್. ಎರಡು ಸಾಲು ಹೊಲಿಗೆ, ಒಂದರ ಪಕ್ಕ ಒಂದು, ಎಲ್ಲೂ ಸೊಟ್ಟಗಾಗದೆ, ಎಲ್ಲೂ ಎಳೆಯದೆ. ಮೂಲೆಯಲ್ಲಿ ತಿರುಗಿಸುವಾಗ ಸೂಜಿ ಬಟ್ಟೆಯೊಳಗೇ ಇಟ್ಟು ತಿರುಗಿಸಿದ್ದಾರೆ. ಹೆಬ್ಬೆರಳಿನಿಂದ ಆ ಹೊಲಿಗೆಯ ಗುಂಟ ಸವರುತ್ತ ಹೋದಳು.

"ಹೊಲಿಗೆ ಎಷ್ಟು ಚೆನ್ನಾಗಿದೆ" ಎಂದಳು. ಮುಖದಲ್ಲಿ ಹುಳಿ ಉಳಿದಿರಲಿಲ್ಲ.

ಜೊತೆಗೆ ಬಂದಿದ್ದ ತಮ್ಮ ಕೆಮ್ಮಿದ. ಹೊತ್ತು ಮೀರಿತ್ತು.

ಮನೆಗಾಡಿ ಅವಳ ಹೆಬ್ಬೆರಳನ್ನೇ ನೋಡುತ್ತಿದ್ದ. "ನೀವೇ ಹೇಳಿ ಅಕ್ಕ" ಎಂದ, ದನಿ ತಗ್ಗಿಸಿ. "ಸೀಟನ್ನೇ ಇಷ್ಟು ಚೆನ್ನಾಗಿ ಇಟ್ಕೊಂಡೋರು ಇಂಜಿನ್ ಹೇಗೆ ಇಟ್ಕೊಂಡಿರ್ಬೇಡ?"

ಅವಳಿಗೆ ಅದು ಸರಿಯೆನಿಸಿತು. ಒಳಗಿನ ಮಡಿಕೆ ಚೊಕ್ಕಟವಾಗಿ ಹೊಲಿದವನ ಕೋಟು ಹೊರಗೂ ಚೊಕ್ಕಟವಾಗಿರುತ್ತದೆ ಎಂಬುದು ಅವಳ ಕಸುಬಿನ ಅನುಭವ. ನೋಡಿ ಒಪ್ಪಿ ಕೊಂಡಿದ್ದೇನೆ ಎಂಬ ಕಾಗದಕ್ಕೆ ಸಹಿ ಹಾಕಿ, ಆ ಕಡೆ ಒಂದು ಕಾಲು, ಈ ಕಡೆ ಒಂದು ಕಾಲು ಹಾಕಿ ಕೂತು ಮನೆಗೆ ಬಂದಳು.

ಆ ಕೆಲವು ವಾರ ಅವಳನ್ನು ನೋಡಬೇಕಿತ್ತು. ಬಸ್ ಸ್ಟಾಪಿನಲ್ಲಿ ಕುತ್ತಿಗೆ ಚಾಚಿಕೊಂಡು ನಿಂತವರ ಮುಂದೆ ಬೇಕೆಂದೇ ನಿಧಾನ ಮಾಡುತ್ತಿದ್ದಳು. ಸಂಜೆ ಲೈಬ್ರರಿಯ ಮುಂದೆ ಗಾಡಿ ನಿಲ್ಲಿಸಿ, ಇಳಿಯದೆ ಹಾರ್ನ್ ಹೊಡೆಯುತ್ತಿದ್ದಳು. ಒಳಗೆ ಓದುತ್ತಿದ್ದವರು ತಲೆಯೆತ್ತಿ ಗುರುಗುಟ್ಟುತ್ತಿದ್ದರು. ಹಿಂದೆ ಕೂತ ಗೆಳತಿ ಪುಸ್ತಕದ ಚೀಲವನ್ನೂ ಅವಳ ಸೊಂಟವನ್ನೂ ಒಟ್ಟಿಗೆ ತಬ್ಬಿಕೊಂಡು, "ನಿಧಾನ ಕಣೇ, ಪುಸ್ತಕ ಸರ್ಕಾರದ್ದು" ಎನ್ನುತ್ತಿದ್ದಳು. "ಪ್ರಾಣ?" "ಅದು ನಂದೇ, ಪರ್ವಾಗಿಲ್ಲ."

ಒಂದು ಮಧ್ಯಾಹ್ನ ಗಾಳಿಗೆ ತಂತಿ ಕಡಿದು ಬಿದ್ದಿದೆ ಎಂದು ತಮ್ಮನಿಗೆ ಕರೆ ಬಂತು. "ನನ್ನ ಗಾಡಿ ತಗೊಂಡು ಹೋಗೋ, ಬೇಗ ಹೋಗಿ ಬರ್ತೀಯ" ಎಂದು ಕೀಲಿ ಎಸೆದವಳು ಅವಳೇ. ರಸ್ತೆಯ ಉಬ್ಬೊಂದನ್ನು ಹತ್ತಿ ಇಳಿಯುವಾಗ ಗಾಡಿ ಜಾರಲಿಲ್ಲ, ಯಾವುದಕ್ಕೂ ಗುದ್ದಲಿಲ್ಲ. ಸೀಟಿನ ಕೆಳಗೆ ನಡು ಮುರಿದು ಎರಡಾಯಿತು. ಹಿಂದಿನ ಲಾರಿಯವನು ಬ್ರೇಕ್ ಹಾಕಿದ, ಪೂರ್ತಿ ಹಿಡಿಯಲಿಲ್ಲ. ತಮ್ಮನ ಪ್ರಾಣ ಉಳಿಯಿತು. ಬಲ ಮಂಡಿ ಮತ್ತೆಂದೂ ಮಡಚಲಿಲ್ಲ.

ಮುರಿದ ಜಾಗ ನೋಡಿದ ಮೆಕ್ಯಾನಿಕ್ ತಲೆ ಕೊಡವಿದ. ಅಪಘಾತವಾದ ಎರಡು ಗಾಡಿಗಳ ಒಳ್ಳೆಯ ಅರ್ಧಗಳನ್ನು ತೆಗೆದು, ಚಾಸಿಯನ್ನು, ಅಂದರೆ ಗಾಡಿಯ ಬೆನ್ನೆಲುಬನ್ನು, ನಡುವೆ ಬೆಸೆದು, ಪುಟ್ಟಿ ಮೆತ್ತಿ, ಬಣ್ಣ ಬಳಿದು ಒಂದು ಗಾಡಿ ಮಾಡಿದ್ದರು. ಬೆಸುಗೆ ಕಾಣದಂತೆ ಮೇಲೆ ಹೊಸ ಸೀಟು. ಅವಳು ಹೊಗಳಿದ ಹೊಲಿಗೆಯ ಅಡಿಯಲ್ಲೇ ಇತ್ತು ಅದು. ಸೀಟು ಎತ್ತಿ ನೋಡಿದ್ದರೆ ಸಾಕಿತ್ತು. ಅವಳು ಸೀಟು ಸವರಿದಳು.

ಆ ಸೀಟನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಅವಳು ಅಂಗಡಿಗೆ ಹೋದಳು. ಅಲ್ಲಿ ಗಿರಾಕಿಗಳಿದ್ದರು. ಮನೆಗಾಡಿ ಎಲ್ಲವನ್ನೂ ಕೇಳಿಸಿಕೊಂಡ, ತಮ್ಮನ ಬಗ್ಗೆ ಚ್ಚು ಚ್ಚು ಎಂದ.

"ನೋಡಿ ತಗೊಂಡಿದ್ದು ನೀವೇ ಅಲ್ವಾ ಅಕ್ಕ?" ಎಂದ ಕೊನೆಗೆ.

"ಬೆಸುಗೆ ಹಾಕಿದ ಗಾಡೀನ ಮನೆ ಗಾಡಿ ಅಂದ್ರಲ್ಲ."

ಅವನು ಗಿರಾಕಿಗಳ ಕಡೆ ತಿರುಗಿದ. "ಇಡೀ ಗಾಡೀಲಿ ಏನು ನೋಡಿದ್ರು ಕೇಳಿ ಇವ್ರನ್ನ. ಸೀಟ್ ನೋಡಿದ್ರು. ಸೀಟಿನ ಹೊಲಿಗೆ ನೋಡಿದ್ರು." ಅವರಲ್ಲಿ ಒಬ್ಬ ನಕ್ಕ, ಇವನಿಗೆ ಹುರುಪು ಬಂತು. ಅವಳ ಕೈಯಲ್ಲಿದ್ದ ಸೀಟನ್ನು ಬೆರಳಿನಿಂದ ತಟ್ಟಿದ. "ಸೀಟಿಗೇನಾದ್ರೂ ಆಗಿದ್ಯಾ? ಒಂದು ಹೊಲಿಗೆ ಬಿಟ್ಟಿದ್ಯಾ? ಇಲ್ಲ. ಮತ್ತೆ ನಿಮಗೇನು ಮೋಸ ಆಯ್ತು ಸೀಟಕ್ಕ?"

ಎಲ್ಲರೂ ನಕ್ಕರು. ಸೀಟಿಗೆ ನಿಜವಾಗಿಯೂ ಏನೂ ಆಗಿರಲಿಲ್ಲ.

ಪೊಲೀಸರೂ ವಕೀಲರೂ ಅವಳು ಸಹಿ ಮಾಡಿದ ಕಾಗದ ತೋರಿಸಿ ಅದನ್ನೇ ಬೇರೆ ಮಾತಲ್ಲಿ ಹೇಳಿದರು. ತಮ್ಮನನ್ನು ಇಲಾಖೆಯವರು ದೂರು ಕೇಳುವ ಫೋನಿನ ಮುಂದೆ ಕೂರಿಸಿದರು. ಕಂಬದ ತುದಿಯಲ್ಲಿ ಕೂತು ಗೇಲಿ ಮಾಡುತ್ತಿದ್ದವನು, "ಕರೆಂಟ್ ಬರುತ್ತೆ ಸಾರ್, ಜನ ಹೋಗಿದ್ದಾರೆ ಸಾರ್" ಎನ್ನುತ್ತ ಬೈಗುಳ ತಿನ್ನುವವನಾದ.

"ಸಾಕು ಬಿಡಕ್ಕ. ಎಷ್ಟು ಹಲ್ಲು ಕಡಿದ್ರೂ ಕಾಲು ವಾಪಸ್ ಬರುತ್ತಾ?" ಎಂದ ಒಂದು ದಿನ.

"ಕಾಲಿಗೆ ಅಂತ ಅಲ್ಲ ಕಣೋ" ಎಂದಳು ಅವಳು. "ನಕ್ಕನಲ್ಲ, ಅದಕ್ಕೆ."

ರಾತ್ರಿ ಹೋಗಿ ಅಂಗಡಿಗೆ ಬೆಂಕಿ ಇಡುತ್ತೇನೆ ಎಂದೂ ಹೇಳಿದ್ದಳು. ಲೈಬ್ರರಿಯವಳು ಹೆದರಲಿಲ್ಲ, ತಡೆಯಲೂ ಇಲ್ಲ. "ಬೆಂಕಿ ಇಟ್ರೆ ಅವನನ್ನ ಪಾಪ ಅನ್ನೋರು ಹುಟ್ಕೋತಾರೆ" ಎಂದಳು. "ಹೌದು" ಎಂದಳು ಕಾಜಕ್ಕ. "ಅವನನ್ನ ಯಾರೂ ಪಾಪ ಅನ್ಬಾರ್ದು."

ಆ ಸೀಟು ಹೊಲಿದವರು ಯಾರು ಎಂದು ಹುಡುಕಿಕೊಂಡು ಅವಳು ಕುಶನ್ ಅಂಗಡಿಗೆ ಹೋದಳು. ಗ್ಯಾರೇಜುಗಳ ಸಾಲಿನಲ್ಲಿ ಕಿರಿದಾದ ಒಂದು ಕೋಣೆ; ಗೋಡೆಗೆ ರೆಗ್ಜಿನ್ ಸುರುಳಿಗಳು, ನೆಲದ ತುಂಬ ಫೋಮಿನ ಚೂರು, ಗಮ್ಮಿನ ವಾಸನೆ. ದಪ್ಪ ಕನ್ನಡಕದ ಮುದುಕರು ಯಂತ್ರದ ಮುಂದಿದ್ದರು. ಊರಿಗೆಲ್ಲ ಅವರು ಕುಶನ್ ಮಾಮ.

"ಇದು ನೀವು ಹೊಲಿದಿದ್ದಾ?"

ಅವರು ಸೀಟನ್ನು ತಿರುಗಿಸಿ ನೋಡಿದರು. "ನಂದೇ."

"ಇದರ ಕೆಳಗೆ ಏನಿತ್ತು ಅಂತ ನೋಡಿರ್ಲಿಲ್ವಾ?"

"ನೋಡಿದ್ದೆ ತಾಯಿ" ಎಂದರು ಮಾಮ, ಸುಳ್ಳು ಹೇಳದೆ. "ನಾನು ಹೊಲಿಯೋನು. ನೋಡೋನಲ್ಲ. ಅವನ ಗಾಡಿ ಬಂದ್ರೆ ನನ್ನ ಒಲೆ ಉರಿಯುತ್ತೆ."

ಬೈಯಲೆಂದೇ ಹೋದವಳು ಬೈಯಲಿಲ್ಲ. ಕೋಣೆಯ ಹೊರಗೆ ಸೀಟು ಬಿಚ್ಚಿಟ್ಟ ಗಾಡಿಯೊಂದು ನಿಂತಿತ್ತು. ಅದರ ಬರಿ ಬೆನ್ನನ್ನು ನೋಡಿದಳು. ಚಾಸಿಯ ಕೊಳವೆಗಳು, ಬೋಲ್ಟುಗಳು, ಬಣ್ಣದ ಕೆಳಗೆ ಎಲ್ಲಿ ನುಣುಪು, ಎಲ್ಲಿ ಗಂಟು ಎಂಬುದೆಲ್ಲ ಬಟಾಬಯಲಾಗಿತ್ತು. ಊರಿನ ಗಾಡಿಗಳೆಲ್ಲ ಒಂದಲ್ಲ ಒಂದು ದಿನ ಬಟ್ಟೆ ಬಿಚ್ಚಿ ನಿಲ್ಲುವ ಜಾಗ ಇದೊಂದೇ.

"ಕೈ ನಡುಗುತ್ತಾ ಮಾಮ?"

"ವಯಸ್ಸಾಯ್ತಲ್ಲಮ್ಮ."

"ನನ್ನ ಕೈ ನಡುಗಲ್ಲ" ಎಂದಳು.

ಶರ್ಟಿನ ಅಂಗಡಿ ಬಿಟ್ಟು ಅವಳು ಅಲ್ಲಿ ಸೇರಿದಳು. ಮನೆಗಾಡಿಗೆ ಸುದ್ದಿ ಮುಟ್ಟಿತು. ಹೊಟ್ಟೆ ಹಿಡಿದುಕೊಂಡು ನಕ್ಕನಂತೆ. "ಸೀಟ್ ಮೇಲೆ ಅಷ್ಟು ಆಸೆ ಇತ್ತು, ಪಾಪ, ಸೀಟಿನ ಅಂಗಡೀಗೇ ಹೋಗಿ ಬಿದ್ಲು" ಎಂದು ಬಂದವರಿಗೆಲ್ಲ ಉಪ್ಪುಖಾರ ಹಚ್ಚಿ ಹೇಳಿದ. ಅವಳನ್ನು ಪೆದ್ದಿ ಎಂದು ಒಮ್ಮೆ ತೀರ್ಮಾನಿಸಿದವನು ಮತ್ತೆ ಆ ವಿಷಯಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ. ಅವಳಿಂದ ಅವನು ಕಲಿತ ಪಾಠವೂ ಒಂದಿತ್ತು: ಜನ ಸೀಟು ನೋಡಿ ಗಾಡಿ ಕೊಳ್ಳುತ್ತಾರೆ. ಅಲ್ಲಿಂದ ಮುಂದೆ ಅವನ ಅಂಗಡಿಗೆ ಬಂದ ಪ್ರತಿ ಗಾಡಿಯೂ ಮೊದಲು ಹೋಗುತ್ತಿದ್ದುದು ಕುಶನ್ ಅಂಗಡಿಗೆ. "ಹೊಲಿಗೆ ಎರಡು ಸಾಲು ಇರ್ಲಿ, ಖರ್ಚು ನೋಡ್ಬೇಡಿ" ಎಂದು ಹೇಳಿ ಕಳಿಸುತ್ತಿದ್ದ.

ಅವಳು ಪ್ರತಿ ಗಾಡಿಯ ಸೀಟು ಬಿಚ್ಚಿ, ಚಾಸಿಯ ಗುಂಟ ಹೆಬ್ಬೆರಳು ಆಡಿಸುತ್ತಿದ್ದಳು. ಸರಿಯಿದ್ದ ಗಾಡಿಗೆ ಎರಡು ಸಾಲು ಹೊಲಿಗೆ ಹಾಕಿ ಕಳಿಸುತ್ತಿದ್ದಳು. ಬೆಸೆದ ಗಾಡಿಗೂ ಅದೇ ಎರಡು ಸಾಲು. ಆಮೇಲೆ, ಸೀಟಿನ ಹಿಂದಿನ ಅಂಚಿನಲ್ಲಿ, ಬಗ್ಗಿ ನೋಡಿದರಷ್ಟೇ ಕಾಣುವ ಜಾಗದಲ್ಲಿ, ಕೆಂಪು ದಾರದಿಂದ ಒಂದು ಕಾಜಾ. ಅದಕ್ಕೆ ಸೀಳು ಇರುತ್ತಿರಲಿಲ್ಲ, ಯಾವ ಗುಂಡಿಯೂ ಅದರಲ್ಲಿ ತೂರುವಂತಿರಲಿಲ್ಲ. ಕೋಟಿಗೆ ಹಾಕುತ್ತಿದ್ದಷ್ಟೇ ಶ್ರದ್ಧೆಯಿಂದ ಹಾಕುತ್ತಿದ್ದಳು.

"ಇದೇನಮ್ಮ?" ಎಂದರು ಮಾಮ ಮೊದಲ ಸಲ.

"ಮೂಲೆ ಬಿಚ್ಕೋಬಾರ್ದು ಅಂತ ಗಟ್ಟಿಗೆ ಹಾಕ್ದೆ."

ಮಾಮ ಸೀಟು ನೋಡಿದರು, ಹೊರಗೆ ನಿಂತ ಗಾಡಿಯ ಬರಿ ಬೆನ್ನು ನೋಡಿದರು, ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡರು. "ನಂಗೆ ಈಗೀಗ ಕೆಂಪು ಬಣ್ಣ ಸರಿಯಾಗಿ ಕಾಣಲ್ಲ" ಎಂದರು.

ಆ ಕೆಂಪು ಕಾಜಾದ ಗುಟ್ಟನ್ನು ಮೊದಲು ಹೊರಗೆ ಹೇಳಿದ್ದು ಲೈಬ್ರರಿಯವಳು. ಪುಸ್ತಕ ಹಿಂತಿರುಗಿಸಲು ಬಂದವನೊಬ್ಬ ಗಾಡಿ ನೋಡಲು ಹೊರಟಿದ್ದ. ಅವನ ಕಿವಿಯಲ್ಲಿ ಹಾಕಿದಳು. ಅವನು ಭಾವನಿಗೆ ಹೇಳಿದ. ಭಾವ ತನ್ನ ಕಾರ್ಖಾನೆಯಲ್ಲಿ ಹೇಳಿದ. ತಮ್ಮ ದೂರು ಕೇಳುವ ಫೋನಿನಲ್ಲೇ ಒಂದಿಷ್ಟು ಜನಕ್ಕೆ ಹೇಳಿದ: "ಕರೆಂಟ್ ಬರುತ್ತೆ ಸಾರ್. ಅಂದ ಹಾಗೆ, ಹಳೆ ಗಾಡಿ ಏನಾದ್ರೂ ತಗೊಳೋದಿದ್ರೆ ಸೀಟಿನ ಹಿಂದೆ ಬಗ್ಗಿ ನೋಡಿ ಸಾರ್." ಮಾತು ಕಾಲು ಪಡೆದು ಊರೆಲ್ಲ ತಿರುಗಿತು. ಕಾಜಾ ಬಿದ್ದ ಗಾಡಿ ಎಂದರೆ ಮುಟ್ಟಬಾರದ ಗಾಡಿ. ಆಮೇಲೆ ಗಾಡಿಯ ಹಂಗೂ ಬಿಟ್ಟುಹೋಯಿತು. ಸೋರುವ ಮನೆ ಬಾಡಿಗೆಗೆ ಹಿಡಿಯಲು ಹೋದವರಿಗೆ, "ಬೇಡ, ಅದಕ್ಕೆ ಕಾಜಾ ಬಿದ್ದಿದೆ" ಎಂದರು. ಹಲ್ಲು ಕಿರಿಯುತ್ತ ಓಟು ಕೇಳಲು ಬಂದವನ ಬೆನ್ನ ಹಿಂದೆ ಬೆರಳಿನಿಂದ ಹೊಲಿಗೆ ಹಾಕಿ ತೋರಿಸಿದರು. ಮಾತಿನ ಹುಟ್ಟು ಗೊತ್ತಿಲ್ಲದ ಮಕ್ಕಳೂ ಆಡತೊಡಗಿದರು. ಊರಲ್ಲಿ ಗೊತ್ತಿಲ್ಲದವನು ಒಬ್ಬನೇ. ಅವನಿಗೆ ಹೇಳಬೇಕೆಂದು ಯಾರಿಗೂ ಅನಿಸಲಿಲ್ಲ. ಅವನಿಗೆ ಅಂಥ ಸ್ನೇಹಿತರಿರಲಿಲ್ಲ.

ಗಿರಾಕಿಗಳು ಬರುತ್ತಿದ್ದರು, ಗಾಡಿಯ ಹಿಂದೆ ಹೋಗಿ ಚಪ್ಪಲಿ ಸರಿಮಾಡಿಕೊಳ್ಳುವವರ ಹಾಗೆ ಬಗ್ಗುತ್ತಿದ್ದರು, ಎದ್ದು "ಆಮೇಲೆ ಬರ್ತೀವಿ" ಎನ್ನುತ್ತಿದ್ದರು. ಮನೆಗಾಡಿ ತಲೆ ಕೆರೆದುಕೊಂಡ. ಇಂಜಿನ್ ಸದ್ದು ಸರಿಯಿದೆ, ಬಣ್ಣ ಹೊಳೆಯುತ್ತದೆ. ಸೀಟೇ ಸಾಲದು ಎಂದು ಅವನ ತೀರ್ಮಾನ. ಮಾರಾಟವಾಗದ ಗಾಡಿಗಳನ್ನು ಮತ್ತೆ ಕುಶನ್ ಅಂಗಡಿಗೆ ಕಳಿಸಿದ. ಇನ್ನೂ ಮೆತ್ತನೆಯ ಫೋಮು, ಇನ್ನೂ ಹೊಳೆಯುವ ರೆಗ್ಜಿನ್. ಅವಳು ಹಳೆಯ ಕವರು ಬಿಚ್ಚಿ, ಹೊಸದು ಹೊಲಿದು, ಮತ್ತೆ ಒಂದು ಕಾಜಾ ಹಾಕಿ ಕಳಿಸಿದಳು. ಒಂದು ದಿನ ಮನೆಗಾಡಿ ಖುದ್ದು ಬಂದು, ಸೀಟಿನ ಹಿಂದೆ ಬೆರಳಿಟ್ಟು, "ಇದೇನು ಕೆಂಪು?" ಎಂದು ಕೇಳಿದ್ದ.

"ನಮ್ಮ ಅಂಗಡಿ ಗುರುತು ಅಣ್ಣ."

"ಚೆನ್ನಾಗಿದೆ ಸೀಟಕ್ಕ, ಚೆನ್ನಾಗಿದೆ" ಎಂದು ಬೆನ್ನು ತಟ್ಟಿಹೋಗಿದ್ದ. ಅವನು ತಟ್ಟಿದ ಜಾಗವನ್ನು ಅವಳು ಮನೆಗೆ ಹೋಗಿ ಸೋಪು ಹಚ್ಚಿ ತೊಳೆದುಕೊಂಡಳು.

ಅವಳೂ ಇನ್ನೊಂದು ಗಾಡಿ ಕೊಂಡಳು, ಬೇರೆ ಕಡೆಯಿಂದ, ಮೊದಲು ಸೀಟು ಬಿಚ್ಚಿಸಿ. ದಿನವೂ ಮನೆಗೆ ಹೋಗುವಾಗ ಮನೆಗಾಡಿಯ ಅಂಗಡಿಯ ಮುಂದೆ ನಿಧಾನ ಮಾಡಿ, ಧೂಳು ತಿನ್ನುತ್ತ ನಿಂತ ತನ್ನ ಕಾಜಾಗಳನ್ನು ಕಣ್ತುಂಬ ನೋಡಿ, ಒಂದು ಸಲ ಹಾರ್ನ್ ಹೊಡೆಯುತ್ತಿದ್ದಳು. ಅವನು ವಿಶ್ವಾಸಕ್ಕೆ ಹೊಡೆಯುತ್ತಾಳೆ ಎಂದುಕೊಂಡು ಕೈಯೆತ್ತುತ್ತಿದ್ದ. ಅದನ್ನು ಹೇಳುವಾಗ ಅವಳ ಮುಖ ಎಳೆಯ ಹುಡುಗಿಯದಾಗುತ್ತಿತ್ತು. ಡಾಕ್ಟರು ಬರೆದುಕೊಟ್ಟ ಯಾವ ಔಷಧಿಯೂ ಆ ಕಳೆ ತಂದಿರಲಿಲ್ಲ.

ಗಾಡಿಗಳು ಒಂದೊಂದಾಗಿ ಗುಜರಿಗೆ ಹೋದವು. ತಗಡಿನ ಮಾಡಿನ ಕೆಳಗೆ ಈಗ ಸಿಮೆಂಟು ಮೂಟೆ ಪೇರಿಸುತ್ತಾರೆ. ಮನೆಗಾಡಿ ಮನೆಯಲ್ಲೇ ಉಳಿದ. ಇಸ್ತ್ರಿ ಇಲ್ಲದ ಶರ್ಟಿನಲ್ಲಿ ಬೀದಿಯಲ್ಲಿ ಕಂಡಾಗ ಅವಳು ಹಾರ್ನ್ ಹೊಡೆಯುವುದನ್ನೂ ಬಿಟ್ಟಳು. ಸೇಡು ತೀರಿತಲ್ಲ ಎಂದು ಗೆಳತಿ ಕೇಳಿದರೆ, "ತೀರಿತು ಅಂತ ಅವನಿಗೆ ಗೊತ್ತೇ ಇಲ್ವಲ್ಲೇ" ಎಂದಳು. "ಯಾರು ಹೊಡೆದ್ರು ಅಂತ ಗೊತ್ತಾಗದ ಏಟು, ಏಟೇ ಅಲ್ಲ."

ಅವಳು ತೀರಿಕೊಂಡ ಆ ಮಂಗಳವಾರ ಬೆಳಿಗ್ಗೆ ಒಬ್ಬಳು ಹುಡುಗಿ ಅಂಗಡಿಗೆ ಬಂದಳು. ಮೊದಲ ಕೆಲಸ ಸಿಕ್ಕಿದೆ, ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ. ಮೊದಲ ಗಾಡಿಯೂ ಬಂದಿದೆ, ಸೆಕೆಂಡ್ ಹ್ಯಾಂಡ್, ಪಕ್ಕದ ಊರಿನಿಂದ. ಸೀಟು ಮಾತ್ರ ಹರಿದಿದೆ.

"ಸ್ಕೂಟರ್ ತಗೊಳೋದಲ್ವಾ?" ಎಂದಳು ಕಾಜಕ್ಕ, ಸೀಟಿನ ನಟ್ಟು ಬಿಚ್ಚುತ್ತ.

"ಎಲ್ರೂ ಅದೇ ಹೇಳ್ತಾರೆ ಆಂಟಿ. ನಂಗೆ ಇದೇ ಬೇಕಿತ್ತು."

ಸೀಟು ಎತ್ತಿದಳು. ಹೆಬ್ಬೆರಳು ಆಡಿಸಿದಳು. ಬಣ್ಣದ ಕೆಳಗೆ, ನಡುವಿನಲ್ಲಿ, ಗಂಟು.

"ಯಾರಮ್ಮ ನೋಡಿದ್ದು ಗಾಡಿ?"

"ನಮ್ಮಪ್ಪ. ಅವ್ರು ಇದೇ ಕಸುಬಲ್ಲಿದ್ರು, ಮುಂಚೆ ತಿರುವಲ್ಲಿ ಅಂಗಡಿ ಇತ್ತು. ಈಗ ಕಣ್ಣು ಸ್ವಲ್ಪ ಮಂಜು. ಆದ್ರೆ ಇದು ಅವ್ರ ಹಳೇ ಸ್ನೇಹಿತರ ಹತ್ರ ತಗೊಂಡಿದ್ದು. ಮನೆ ಗಾಡಿ ಅಂತೆ."

ಮೂಲೆಯ ಕುರ್ಚಿಯಲ್ಲಿದ್ದ ಕುಶನ್ ಮಾಮ ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡರು. ಕಾಜಕ್ಕ ಗಾಡಿಯ ಬೆನ್ನಿನ ಮೇಲೆ ಒಂದು ತುಂಡು ರೆಗ್ಜಿನ್ ಹೊದಿಸಿ, ಒಳಗೆ ಬಂದು, ಕಪ್ಪು ಬಟ್ಟೆ ಅಳೆದು ಕತ್ತರಿಸಿದಳು. ಒಂದು ಸಾಲು ಹೊಲಿದಳು. ಎರಡನೆಯ ಸಾಲು ಹೊಲಿದಳು. ಇಷ್ಟಕ್ಕೆ ನಿಲ್ಲಿಸಿ ಕೊಟ್ಟುಬಿಟ್ಟರೆ ಮುಗಿಯಿತು. ಅವಳು ಏನೂ ಮಾಡಬೇಕಾಗಿರಲಿಲ್ಲ. ಮಗಳು ರಸ್ತೆಯ ಉಬ್ಬೊಂದನ್ನು ಹತ್ತಿ ಇಳಿಯುತ್ತಾಳೆ. ಅಪ್ಪ ಮುರಿದ ಗಾಡಿಯ ಮುಂದೆ ನಿಲ್ಲುತ್ತಾನೆ. ಬಯಸಿ ಬಯಸಿ ಹೆಣೆದಿದ್ದರೂ ಇಷ್ಟು ಸರಿಯಾಗಿ ಕೂರುತ್ತಿರಲಿಲ್ಲ.

"ನಾವು ಹೊಲಿಯೋರು ಕಣಮ್ಮ" ಎಂದರು ಮಾಮ ಮೆಲ್ಲಗೆ. ಏನು ಮಾಡು ಎಂದು ಹೇಳಿದರೋ, ಏನು ಮಾಡಬೇಡ ಎಂದು ಹೇಳಿದರೋ ಅವರಿಗೇ ತಿಳಿದಿರಲಿಲ್ಲ.

ಹುಡುಗಿ ಎತ್ತರದ ಸ್ಟೂಲ್ ಹತ್ತಿ ಕೂತು, ಎರಡೂ ಕಾಲು ಆಡಿಸುತ್ತಿದ್ದಳು. ಮಂಡಿಗಳು ಮಡಚುತ್ತಿದ್ದವು, ಬಿಚ್ಚುತ್ತಿದ್ದವು. ಕಾಜಕ್ಕ ಅವನ್ನೇ ನೋಡುತ್ತ ಕೂತಳು. ಆಮೇಲೆ, "ಹೋಗಿ ಅಪ್ಪನ್ನ ಕರ್ಕೊಂಡು ಬಾ" ಎಂದಳು. "ಉಳಿದ ಹೊಲಿಗೆ ಅವರ ಎದುರಿಗೇ ಹಾಕ್ಬೇಕು."

ಅವನು ಬಂದ. ಹೊಸ್ತಿಲು ತಡವಿಕೊಂಡು ಒಳಗೆ ಬಂದು, ಕನ್ನಡಕ ಸರಿಮಾಡಿಕೊಂಡು, "ಏನು ಸೀಟಕ್ಕ, ಇನ್ನೂ ಸೀಟು ಬಿಟ್ಟಿಲ್ವಾ" ಎಂದು ನಕ್ಕ. ಅದೇ ನಗು, ಹಲ್ಲು ಮಾತ್ರ ಕಡಿಮೆ.

"ಕೂತ್ಕೊಳಿ ಅಣ್ಣ."

ಸೂಜಿಗೆ ಕೆಂಪು ದಾರ ಪೋಣಿಸಿದಳು. ಹಿಂದಿನ ಅಂಚಿಗೆ ಹೋಗಲಿಲ್ಲ. ಸೀಟಿನ ನಟ್ಟನಡುವೆ, ಕೂರುವ ಜಾಗದಲ್ಲೇ, ಬೆರಳುದ್ದದ ಕಾಜಾ ಹಾಕತೊಡಗಿದಳು. ಮತ್ತೆ ಸ್ಟೂಲ್ ಹತ್ತಿ ಕೂತಿದ್ದ ಹುಡುಗಿಯ ಕಾಲು ಆಡುವುದು ನಿಂತಿತು.

"ಆಂಟಿ, ಇದೇನು, ಕಾಜಾ ಹಾಕ್ತಿದ್ದೀರಾ?"

"ಹಾಕ್ಲಿ ಬಿಡಮ್ಮ" ಎಂದ ಮನೆಗಾಡಿ, ತಿಳಿದವನ ಗತ್ತಿನಲ್ಲಿ. "ಅದು ಈ ಅಂಗಡಿ ಗುರುತು. ನನ್ನ ಗಾಡಿಗಳಿಗೆಲ್ಲ ಹಾಕ್ತಿದ್ರು."

"ನಿಮ್ಮ ಗಾಡಿಗಳಿಗಾ ಅಪ್ಪ?"

"ಹೂಂ. ಹೆಚ್ಚೂಕಮ್ಮಿ ಎಲ್ಲದಕ್ಕೂ."

ಹುಡುಗಿ ಅಪ್ಪನನ್ನು ನೋಡಿದಳು. ಎದ್ದು ಹೊರಗೆ ಹೋಗಿ, ಗಾಡಿಯ ಮೇಲಿನ ರೆಗ್ಜಿನ್ ಎಳೆದು, ಬಗ್ಗಿ ನೋಡಿ, ತಾನೂ ಬೆರಳು ಆಡಿಸಿದಳು. ವಾಪಸು ಬಂದಾಗ ಅವಳ ದನಿ ಬದಲಾಗಿತ್ತು.

"ಕಾಜಾ ಬಿದ್ದ ಗಾಡಿ ಅಂದ್ರೆ ಮೋಸದ ಗಾಡಿ ಅಪ್ಪ. ಬೆಸೆದಿರೋದು. ಮುಟ್ಟಬೇಡಿ ಅಂತ ಅರ್ಥ. ನಾವು ಶಾಲೇಲಿದ್ದಾಗಿಂದ ಅಂತಿದ್ವಿ. ಊರಲ್ಲಿ ಎಲ್ರಿಗೂ ಗೊತ್ತು." ತುಸು ತಡೆದು, "ನಿಮ್ಮದರಿಂದ ಬಂದಿದ್ದು ಅಂತ ನಂಗೆ ಗೊತ್ತಿರ್ಲಿಲ್ಲ" ಎಂದಳು.

ಮನೆಗಾಡಿ ಸೀಟಿನ ಮೇಲಿನ ಕೆಂಪು ದಾರದ ಕಡೆ ಬಾಗಿದ. ಬಗ್ಗಿ ಬಗ್ಗಿ ಎದ್ದುಹೋದ ಗಿರಾಕಿಗಳು, ಮತ್ತೆ ಮತ್ತೆ ಹೊಸ ಸೀಟಿಗೆ ಕಳಿಸಿದ ಗಾಡಿಗಳು, ಸಂಜೆ ಸಂಜೆಯ ಆ ಹಾರ್ನು, ತಾನು ಎತ್ತುತ್ತಿದ್ದ ಕೈ, ಎಲ್ಲವೂ ಅವನ ಮುಖದ ಮೇಲೆ ಒಂದೊಂದಾಗಿ ಬಂದುಹೋಗುವುದನ್ನು ಕಾಜಕ್ಕ ಕಣ್ಣು ಮಿಟುಕಿಸದೆ ನೋಡಿದಳು. ಅವಸರ ಮಾಡಲಿಲ್ಲ. ಕೊನೆಯ ಹೊಲಿಗೆ ಹಾಕಿ, ದಾರ ಬಿಗಿದು, ಗಂಟು ಕಟ್ಟಿದಳು.

"ನೋಡಿ ತಗೊಂಡಿದ್ದು ನೀವೇ ಅಲ್ವಾ ಅಣ್ಣ?" ಎಂದಳು.

ಕತ್ತರಿ ಪಕ್ಕದಲ್ಲೇ ಇತ್ತು. ಅವಳು ಬಾಗಿ, ಹಲ್ಲಿನಿಂದ ದಾರ ಕಡಿದಳು.